ನಿಮಿಷಕ್ಕೊಂದು ಹ್ವಾಯ್

ಈ ಲೋಕದಲ್ಲಿ ಯಾವುದೂ ತನ್ನಷ್ಟಕ್ಕೆ ತಾನು ಇರುವುದಿಲ್ಲ, ನಾವು ಆಗಾಗ ‘ಇದ್ಯಾ?’ ಎಂದು ಕೇಳುತ್ತಿದ್ದರೆ ಮಾತ್ರ ಇರುತ್ತದೆ. ಇದು ನನ್ನ ಚಿಕ್ಕಮ್ಮನ ಸಿದ್ಧಾಂತ. ದೊಡ್ಡ ದೊಡ್ಡ ವೇದಾಂತಿಗಳು ಇದನ್ನೇ ಬೇರೆ ಮಾತಿನಲ್ಲಿ ಹೇಳಿರಬಹುದು. ಆದರೆ ಅವರಲ್ಲಿ ಯಾರಾದರೂ ಬೆಳಿಗ್ಗೆ ಎದ್ದು ಪಕ್ಕದ ಮನೆಗೆ ಫೋನ್ ಮಾಡಿ ‘ಇದ್ರ್ಯಾ?’ ಎಂದು ಕೇಳಿ, ಆ ಕಡೆಯಿಂದ ‘ಇದ್ದೆ’, ಅಂದರೆ ಇದ್ದೇನೆ, ಎಂದ ಕೂಡಲೇ ಫೋನ್ ಇಟ್ಟದ್ದುಂಟೇ? ಚಿಕ್ಕಮ್ಮ ಇಡುತ್ತಾಳೆ. ಬಾವಿಯಲ್ಲಿ ನೀರಿದೆಯೇ ಎಂದು ನೋಡಲು ಕೊಡಪಾನ ಇಳಿಸಿ, ನೀರು ಬಂದರೆ ಅದನ್ನು ಸಮಾಧಾನದಿಂದ ಮತ್ತೆ ಬಾವಿಗೇ ಸುರಿಯುತ್ತಾಳೆ. ಮುಳ್ಳಿಕಟ್ಟೆ ಕಡೆಗೆ ಹೋಗುವ ಬಸ್ಸಿನ ಕಂಡಕ್ಟರನ ನಂಬರ್ ಕೂಡ ಅವಳಲ್ಲಿದೆ. ಒಮ್ಮೆ ಆತ ತಾಳ್ಮೆಗೆಟ್ಟು, “ಬಸ್ ಇತ್ತ್ ಮಾರಾಯ್ತಿ, ನೀವ್ ಬತ್ರ್ಯಾ ಇಲ್ಯಾ?” ಎಂದು ಕೇಳಿದ. “ನಾ ಎಂತಕೆ ಬಪ್ದ್? ಇತ್ತಾ ಅಂತ ಕೇಂಡದ್ ಅಷ್ಟೆ” ಎಂದಳು.

ನಾನು ಕುಂದಾಪುರದಲ್ಲಿ ಒಂದು ಸಣ್ಣ ಕೋಣೆ ಬಾಡಿಗೆಗೆ ಹಿಡಿದು ವೆಬ್‌ಸೈಟ್ ಮಾಡಿಕೊಡುವ ಕೆಲಸದಲ್ಲಿದ್ದೇನೆ. ಲಾಡ್ಜಿನವರು, ಎಣ್ಣೆ ಗಾಣದವರು, ಮದುವೆ ಅಡುಗೆಯವರು ನನ್ನ ಗಿರಾಕಿಗಳು. ಅವರಲ್ಲೆಲ್ಲ ನನಗೆ ಹೆಚ್ಚು ಕಾಟ ಕೊಟ್ಟವಳು ಗಂಗೊಳ್ಳಿಯ ಈ ಚಿಕ್ಕಮ್ಮ. ಅವಳ ಬಗ್ಗೆ ನಗುತ್ತ ಬರೆಯಬೇಕೆಂದೇ ಕೂತಿದ್ದೇನೆ. ಎಲ್ಲಿಯವರೆಗೆ ನಗಲಿಕ್ಕಾಗುತ್ತದೋ ನೋಡೋಣ.

ಚಿಕ್ಕಪ್ಪ ಬೋಟಿನಲ್ಲಿ ಮೀನಿಗೆ ಹೋಗುತ್ತಿದ್ದವರು. ಬಂದರಿನಲ್ಲಿ ಅವರು ಮಾತಾಡಿದರೆ ಹೊಳೆಯಾಚೆ ಕುಂದಾಪುರದಲ್ಲಿ ಕೇಳುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅಂಥವರಿಗೆ ಒಂದು ದಿನ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಎಲ್ಲವೂ ಹೋಯಿತು. ಉಳಿದದ್ದು ‘ಓ’ ಎಂಬುದೊಂದೇ. ಊಟ ಬೇಕಾ ಎಂದರೂ ಓ, ಸಾಕಾ ಎಂದರೂ ಓ. ಚಾವಡಿಯ ಕಿಟಕಿಯ ಪಕ್ಕ ಅವರ ಮಂಚ. ಹೊರಗೆ ಅಂಗಳದಲ್ಲಿ ಚಿಕ್ಕಮ್ಮ ಚಟ್ಲಿ ಒಣಗಿಸುತ್ತಿದ್ದಳು. ಪೇಟೆಯವರು ಸಿಗಡಿ ಎನ್ನುತ್ತಾರಲ್ಲ, ಅದು. ಕಾಗೆ ಓಡಿಸುವ ನಡುವೆ ನಡುವೆ ತಿರುಗಿ, “ಹ್ವಾಯ್” ಎಂದು ಕರೆಯುತ್ತಿದ್ದಳು. ಗಂಡನ ಹೆಸರು ಬಾಯಲ್ಲಿ ಹೇಳದ ಕಾಲದವಳು. ಮದುವೆಯಾದಂದಿನಿಂದ ಅವರ ಹೆಸರು ಅವಳಿಗೆ ಹ್ವಾಯ್ ಎಂದೇ. ಒಳಗಿನಿಂದ “ಓ” ಎಂದು ಬಂದರೆ ಪುನಃ ಕಾಗೆಯ ಕಡೆ ತಿರುಗುವಳು. ಒಮ್ಮೆ ನಾನು, “ಚಿಕ್ಕಿ, ಅವರನ್ನು ಸ್ವಲ್ಪ ನಿದ್ದೆ ಮಾಡಲು ಬಿಡಬಾರದಾ?” ಎಂದೆ.

“ಕಡ್ಲಿಗ್ ಹೋದಾಗ ಇದ್ರಾ ಇಲ್ಯಾ ಅಂತ ಕೇಂಬುಕೆ ದಾರಿಯೇ ಇರ್ಲಿಲ್ಲ ಮಗಾ. ಗಾಳಿ ಮಳಿ ಬಂದ್ರ್ ದಂಡೆಲ್ ನಿಂತ್ಕಂಡ್ ಕಾಂಬುದೇ ಸೈ. ಈಗ ಕರುದ್ರ್ ಓ ಅಂತ್ರಲೆ, ಕರಿದೆ ಇಪ್ಪುದ್ ಹ್ಯಾಂಗೆ?” ಎಂದಳು.

ಚಿಕ್ಕಪ್ಪ ಮಲಗಿದ ಮೇಲೆ ಮನೆ ನಡೆದದ್ದು ಒಣ ಚಟ್ಲಿಯ ಚಟ್ನಿಯಿಂದ. ಮುಂಬಯಿಯಲ್ಲಿ ಹೋಟೆಲು ಹಾಕಿಕೊಂಡಿರುವ ನಮ್ಮವರಿಗೆ ಅದು ಬೇಕೇ ಬೇಕು. ಅದಕ್ಕಾಗಿ ನಾನೇ ಒಂದು ವೆಬ್‌ಸೈಟ್ ಮಾಡಿ, ಚಿಕ್ಕಪ್ಪನ ಹೆಸರನ್ನೇ ಇಟ್ಟೆ. ತೊಂದರೆ ಶುರುವಾದದ್ದು ಅಲ್ಲಿಂದ. ಯಾರಾದರೂ ಫೋನ್ ಮಾಡಿ ವೆಬ್‌ಸೈಟಿನ ಹೆಸರು ಕೇಳಿದರೆ ಇವಳು ಹೇಗೆ ಹೇಳುವುದು? “ಅದೇ, ನಮ್ಮನಿಯವ್ರ್ ಡಾಟ್ ಕಾಮ್” ಎನ್ನುತ್ತಿದ್ದಳು. ಪಾಪ, ಜನ ಅದನ್ನೇ ಬರೆದು ಹುಡುಕಿ ಏನೂ ಸಿಗದೆ ಕಂಗಾಲಾಗುತ್ತಿದ್ದರು. ಕೊನೆಗೆ ಹೆಸರು ಹೇಳುವ ಕೆಲಸವನ್ನು ಪಕ್ಕದ ಮನೆಯವಳಿಗೆ ವಹಿಸಿದಳು. ಪಕ್ಕದ ಮನೆಯವಳು ಇದ್ದಾಳೆ ಎಂಬುದು ಹೇಗೂ ಬೆಳಿಗ್ಗೆಯೇ ಖಾತ್ರಿಯಾಗಿರುತ್ತಿತ್ತಲ್ಲ.

ಹೀಗಿರುವಾಗ ಒಂದು ಸಲ ಸರ್ವರ್ ಕೈಕೊಟ್ಟು ವೆಬ್‌ಸೈಟ್ ಇಡೀ ದಿನ ಬಿದ್ದುಹೋಗಿತ್ತು. ನಮಗೆ ಗೊತ್ತೇ ಇಲ್ಲ. ಮುಂಬಯಿಯ ಗಿರಾಕಿಯೊಬ್ಬರು ಫೋನ್ ಮಾಡಿ, “ಅಂಗ್ಡಿ ನಿಲ್ಸಿದ್ರ್ಯಾ?” ಎಂದು ಕೇಳಿದ ಮೇಲೆಯೇ ತಿಳಿದದ್ದು. ಚಿಕ್ಕಮ್ಮ ನನ್ನನ್ನು ಗಂಗೊಳ್ಳಿಗೆ ಕರೆಸಿಕೊಂಡಳು. ಹೊಳೆಯ ಈಚೆ ನಿಂತರೆ ಕಾಣುವ ಊರಿಗೆ ಬಸ್ಸಿನಲ್ಲಿ ಊರೆಲ್ಲ ಸುತ್ತಿ ಹೋಗಿ ಬೈಗುಳ ತಿಂದೆ.

“ಅಂಗ್ಡಿ ಬಾಗ್ಲ್ ಹಾಕಿತ್ತ್, ಯಜಮಾನ್ತಿಗೇ ಗೊತ್ತಿಲ್ಯಾ? ಎಂತ ಅಂಗ್ಡಿ ಮಾರಾಯ ಇದ್?”

ಕಾವಲಿಗೆ ಒಂದು ಏರ್ಪಾಡು ಮಾಡುತ್ತೇನೆಂದೆ. ಎಲ್ಲೋ ದೂರದಲ್ಲಿರುವ ಒಂದು ಯಂತ್ರ ನಿಮಿಷಕ್ಕೊಮ್ಮೆ ನಿನ್ನ ಅಂಗಡಿಯನ್ನು ಕರೆಯುತ್ತದೆ. ಅಂಗಡಿ ಓ ಎಂದರೆ ಸುಮ್ಮನಾಗುತ್ತದೆ. ಓ ಎನ್ನದಿದ್ದರೆ ನಿನಗೆ ಮೆಸೇಜು ಬರುತ್ತದೆ. ನಾನು ಅವಳಿಗೆ ಅರ್ಥವಾಗಲೆಂದು ಹೀಗೆ ಹೇಳಿದೆ. ಅವಳ ಮುಖ ನೋಡಬೇಕಿತ್ತು! ಇಷ್ಟು ಕಾಲ ಊರವರಿಂದ ಹುಚ್ಚಿ ಎನ್ನಿಸಿಕೊಂಡವಳಿಗೆ ಕೊನೆಗೂ ತನ್ನ ಜಾತಿಯದೊಂದು ಜೀವ ಸಿಕ್ಕಿತ್ತು.

“ನಿಮ್ಷಕ್ಕೊಂದ್ ಸಲವಾ? ಅದ್ಕೆ ಆಯಾಸ ಆತಿಲ್ಯಾ?”

“ಇಲ್ಲ.”

“ಪಾಪ” ಎಂದಳು. ಆಮೇಲೆ ಅದಕ್ಕೆ ಬುದ್ಧಿ ಹೇಳಿಕೊಡಲು ಕೂತಳು. “ಒಂದ್ ಸಲ ಓ ಅನ್ದಿದ್ರ್ ಬೊಬ್ಬಿ ಹಾಕ್ಬೇಡ ಅಂತ ಹೇಳ್ ಅದ್ಕೆ. ನಿದ್ರಿ ಬಂದಿಪ್ಪುಕೂ ಸಾಕ್. ಎರಡ್ ಸಲ ಕರಿಕ್. ಮೂರ್ನೇ ಸಲಕ್ಕೂ ಓ ಅನ್ದಿದ್ರ್ ಎದ್ದ್ ಹೋಯ್ ಕಾಣ್ಕ್.” ಹಾಗೆಯೇ ಮಾಡಿದೆ, ಮೂರು ಸಲ ಕರೆದ ಮೇಲೆಯೇ ಗಲಾಟೆ.

ಪುಟ ತೆರೆದುಕೊಂಡರಷ್ಟೇ ಸಾಲದು, ಒಮ್ಮೊಮ್ಮೆ ಖಾಲಿ ಪುಟವೂ ತೆರೆಯುತ್ತದೆ. ಅದಕ್ಕಾಗಿ ಪುಟದಲ್ಲಿ ಇರಲೇಬೇಕಾದ ಒಂದು ಮಾತನ್ನು ಯಂತ್ರಕ್ಕೆ ಹೇಳಿಕೊಡಬೇಕಾಗುತ್ತದೆ. ಆ ಮಾತು ಕಾಣಿಸಿದರೆ ಅಂಗಡಿ ಇದೆ ಎಂದು ಲೆಕ್ಕ. ಯಾವ ಮಾತು ಇಡಲಿ ಎಂದು ಕೇಳಿದೆ. ಚಿಕ್ಕಮ್ಮ ಮಂಚದ ಕಡೆ ನೋಡಿ, “ಓ, ಇಲ್ಲೇ ಇದ್ದೆ ಅಂತ ಬರಿ” ಎಂದಳು. ಚಟ್ನಿಯ ಚಿತ್ರ, ಬೆಲೆ, ವಿಳಾಸ ಎಲ್ಲ ಮುಗಿದ ಮೇಲೆ ಪುಟದ ಬುಡದಲ್ಲಿ ಆ ಸಾಲು ಬಂತು. ಓ, ಇಲ್ಲೇ ಇದ್ದೆ. ಮುಂಬಯಿಯವರು ಇದ್ಯಾವ ಹೊಸ ಬಗೆಯ ಜಾಹೀರಾತು ಎಂದು ತಲೆ ಕೆರೆದುಕೊಂಡರಂತೆ.

ಮೆಸೇಜು ಇಂಗ್ಲಿಷಿನಲ್ಲಿ ಬರುವುದು ಬೇಡ ಎಂದಳು. ‘ಓಗೊಡುತ್ತಿಲ್ಲ’ ಎಂದು ಬರೆದೆ, ಸರಿಯಾದರೆ ‘ಓಗೊಟ್ಟಿತು’ ಎಂದು. “ಇತು ಗಿತು ಬ್ಯಾಡ, ಅವ್ರ್ ಹೆಸ್ರಿನ್ ಅಂಗ್ಡಿ. ಮರ್ಯಾದಿ ಕೊಟ್ ಬರಿ” ಎಂದಳು. ಓಗೊಟ್ಟರು ಎಂದಾಯಿತು. ಕಾವಲಿಗೆ ಒಂದು ಹೆಸರು ಇಡಬೇಕಿತ್ತು. ಫೋನ್ ಅವಳ ಕೈಗೆ ಕೊಟ್ಟೆ. ಮತ್ತೇನು ಬರೆಯುತ್ತಾಳೆ, ‘ನಮ್ಮನಿಯವ್ರ್’ ಎಂದು ಒತ್ತಿದಳು. ಯಾರಿಗೆಲ್ಲ ತಿಳಿಸಬೇಕು ಎಂದದ್ದಕ್ಕೆ, “ಬೆಂಕಿ ಬಿದ್ರ್ ಒಬ್ರಿಗ್ ಮಾತ್ರ ಹೇಳುದಾ?” ಎಂದು ನೆಂಟರೆಲ್ಲರ ನಂಬರು ಹಾಕಿಸಿದಳು. ಬ್ರಹ್ಮಾವರದಲ್ಲಿರುವ ಅವಳ ಅಣ್ಣ, ಅಂದರೆ ನನ್ನ ದೊಡ್ಡ ಮಾವ, ಬೈಂದೂರಿನಲ್ಲಿರುವ ಅವಳ ನಾದಿನಿ, ಹೀಗೆ ಉದ್ದಕ್ಕೆ. ಮಳೆಗಾಲದಲ್ಲಿ ಚಟ್ಲಿ ಒಣಗದ ದಿನ ಅಂಗಡಿ ಮುಚ್ಚಲು ಅವಳ ಫೋನಿನಲ್ಲೇ ‘ರಜೆ’ ಎಂಬ ಗುಂಡಿಯೊಂದನ್ನೂ ಇಟ್ಟುಕೊಟ್ಟೆ. ಎಲ್ಲವೂ ಚೆನ್ನಾಯಿತೆಂದು ಮೀನು ಊಟ ಮಾಡಿ ಬಂದೆ.

ಮುಂದೆ ಏನಾಗಿರಬಹುದು ಎಂದು ನೀವು ಊಹಿಸಿರುತ್ತೀರಿ. ನನಗೆ ಮಾತ್ರ ಹೊಳೆದಿರಲಿಲ್ಲ ನೋಡಿ! ಒಂದು ಮಧ್ಯಾಹ್ನ ಸರ್ವರ್ ಪುನಃ ಬಿತ್ತು. ಯಂತ್ರ ಮೂರು ಸಲ ಕರೆಯಿತು, ಉತ್ತರವಿಲ್ಲ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲ ನೆಂಟರ ಫೋನಿಗೂ ಒಂದೇ ಏಟಿಗೆ ಮೆಸೇಜು ಹೋಯಿತು.

ನಮ್ಮನಿಯವ್ರ್ ಓಗೊಡುತ್ತಿಲ್ಲ.

ಸಂಜೆಯೊಳಗೆ ನಾನೂ ಸೇರಿ ಅಂಗಳದಲ್ಲಿ ಜನ. ನಾದಿನಿ ಕಾರಿನಿಂದ ಇಳಿಯುವಾಗಲೇ “ಅಣ್ಣಾ” ಎಂದು ಗೋಳೋ ಎನ್ನುತ್ತ ಚಾವಡಿಗೆ ನುಗ್ಗಿದಳು. ಚಿಕ್ಕಪ್ಪ ದಿಂಬಿಗೊರಗಿ ಗಂಜಿ ಉಣ್ಣುತ್ತಿದ್ದರು. ತಂಗಿಯನ್ನು ನೋಡಿ, “ಓ” ಎಂದರು. ಅಳು ಅರ್ಧಕ್ಕೇ ನಿಂತಿತು. ದೊಡ್ಡ ಮಾವ ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತದ್ದು ನೋಡಿ ಚಿಕ್ಕಮ್ಮ ಎಳೆದು ತೆಗೆದರೆ ಒಳಗೆ ದಪ್ಪದೊಂದು ಹೂವಿನ ಹಾರ! “ಬಪ್ಪುವಾಗ ದಾರಿ ಮೇಲೆ ಸಿಕ್ತ್” ಎಂದು ಮಾವ ತೊದಲಿದರು. ಚಿಕ್ಕಮ್ಮ ಅದನ್ನು ದೇವರ ಪಟಕ್ಕೆ ಹಾಕಿ, “ಬಂದದ್ ಬಂದ್ರಿ, ಉಂಡ್ಕಂಡ್ ಹೋಯ್ನಿ” ಎಂದು ಎಲ್ಲರಿಗೂ ಎಲೆ ಹಾಕಿದಳು. ಚಿಕ್ಕಪ್ಪ ಆ ಹಾರವನ್ನೇ ನೋಡುತ್ತ ಅರ್ಧ ಮುಖದಲ್ಲಿ ನಕ್ಕರು. ಉಳಿದರ್ಧಕ್ಕೆ ನಗಲು ಬರುತ್ತಿರಲಿಲ್ಲ. ಆ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಕಾವಲಿನ ಹೆಸರು ಬದಲಿಸುತ್ತೇನೆಂದರೆ ಚಿಕ್ಕಮ್ಮ ಒಪ್ಪಲಿಲ್ಲ. “ಇರ್ಲಿ ಬಿಡ್. ಕರುದ್ರ್ ಇಷ್ಟ್ ಜನ ಓಡಿ ಬತ್ರ್ ಅಂತ ಅವ್ರಿಗೂ ಗೊತ್ತಾಯ್ತಲೆ” ಎಂದಳು. ನೆಂಟರು ಮುಂದೆ ಮೆಸೇಜು ಬಂದರೆ ಮೊದಲು ನನಗೆ ಫೋನ್ ಮಾಡಿ, “ಅಂಗ್ಡಿಯಾ, ಅವ್ರಾ?” ಎಂದು ಕೇಳಲು ಕಲಿತರು. ಅಂಗಡಿ ಎಂದು ಹೇಳುವಾಗಲೆಲ್ಲ ನನಗೆ ಒಳಗೊಳಗೇ ಅಳುಕು.

ಮಳೆ ಬಿಟ್ಟು ಬಿಸಿಲು ಬಂದಿದ್ದ ಒಂದು ದಿನ, ಚಿಕ್ಕಮ್ಮ ಅಂಗಳದಲ್ಲಿ ಚಟ್ಲಿ ಹರವುತ್ತಿದ್ದಳು. ತಿರುಗಿ “ಹ್ವಾಯ್” ಎಂದಳು. ಉತ್ತರ ಬರಲಿಲ್ಲ. ಮತ್ತೆ ಕರೆದಳು. ಮೂರನೆಯ ಸಲಕ್ಕೆ ಎದ್ದು ಹೋಗಿ ನೋಡಬೇಕೆಂದು ಯಂತ್ರಕ್ಕೆ ಹೇಳಿಕೊಟ್ಟವಳು ಅವಳೇ. ಅವತ್ತು ಅವಳು ಹೋಗಲಿಲ್ಲ. ಬುಟ್ಟಿ ಹಿಡಿದು ನಿಂತಲ್ಲೇ ನಿಂತು ಕರೆಯುತ್ತಲೇ ಇದ್ದಳಂತೆ. ಕಾಗೆಗಳು ಬಂದು ಚಟ್ಲಿ ಹೆಕ್ಕುತ್ತಿದ್ದರೂ ಓಡಿಸಲಿಲ್ಲವಂತೆ. ಕೊನೆಗೆ ಪಕ್ಕದ ಮನೆಯವಳು ಕೇಳಿಸಿಕೊಂಡು ಬಂದು, ಒಳಗೆ ಹೋಗಿ, ಹೊರಗೆ ಬಂದು, ಅವಳ ಕೈಯಿಂದ ಬುಟ್ಟಿ ತೆಗೆದಿಟ್ಟಳು.

ಎಲ್ಲರೂ ಸೇರಿದ್ದಾಗ ಚಿಕ್ಕಮ್ಮ ನನ್ನನ್ನು ಕರೆದು, “ಸೂತಕ ಮಗಾ, ಅಂಗ್ಡಿ ಮುಚ್ಚ್” ಎಂದಳು. ಅವಳ ಫೋನಿನಲ್ಲಿ ಅದುವರೆಗೆ ಯಾರೂ ಮುಟ್ಟಿರದ ರಜೆ ಎಂಬ ಗುಂಡಿ ಒತ್ತಿದೆ. ಪುಟದಲ್ಲಿ ರಜೆಯ ಫಲಕ ಬಂತು, ಬುಡದ ಸಾಲು ಹೋಯಿತು. ಆ ಗಡಿಬಿಡಿಯಲ್ಲಿ ಕಾವಲನ್ನೂ ನಿಲ್ಲಿಸಬೇಕೆಂಬ ನೆನಪು ಯಾರಿಗಿರುತ್ತದೆ? ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಕೂತವರ ಜೇಬುಗಳಲ್ಲಿ, ಸೊಂಟದ ಚೀಲಗಳಲ್ಲಿ ಒಂದರ ಹಿಂದೊಂದು ಫೋನ್ ಸದ್ದಾಯಿತು. ಎಲ್ಲರೂ ತೆಗೆದು ಓದಿದರು. ನಮ್ಮನಿಯವ್ರ್ ಓಗೊಡುತ್ತಿಲ್ಲ. ಈ ಸಲ ಯಾರೂ ನನ್ನನ್ನು ಏನೂ ಕೇಳಲಿಲ್ಲ. ದೊಡ್ಡ ಮಾವ ತಂದ ಹಾರ ಈ ಸಲ ಎದುರಿಗೇ ಇತ್ತು.

ಸೂತಕ ಕಳೆದು, ಬೊಜ್ಜದ ಊಟ ಮುಗಿದು ನೆಂಟರು ಹೊರಡುವ ಹೊತ್ತಿಗೆ, ಇನ್ನು ಅಂಗಡಿ ತೆರೆ ಎಂದಳು. ತೆರೆದೆ. ಒಂದು ನಿಮಿಷ ಕಳೆದಿತ್ತೋ ಇಲ್ಲವೋ, ಪುನಃ ಎಲ್ಲರ ಫೋನೂ ಸದ್ದು ಮಾಡಿತು. ನಮ್ಮನಿಯವ್ರ್ ಓಗೊಟ್ಟರು. ನಾದಿನಿ ಅಳತೊಡಗಿದಳು, ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಚಿಕ್ಕಮ್ಮ ತನ್ನ ಫೋನನ್ನು ಹತ್ತಿರ ಹಿಡಿದು ಓದಿದಳು. ಮತ್ತೊಮ್ಮೆ ಓದಿ, ಸೆರಗಿನಲ್ಲಿ ಸುತ್ತಿಟ್ಟುಕೊಂಡು ಒಳಗೆ ಹೋದಳು.

ಆಮೇಲೆ ಕೆಲವು ತಿಂಗಳಿಗೆ ನನಗೊಂದು ಹೊಸ ತಲೆನೋವು ಶುರುವಾಯಿತು. ದಿನಾ ಮಧ್ಯಾಹ್ನ ಚಿಕ್ಕಮ್ಮನ ಅಂಗಡಿ ಕೆಲವು ನಿಮಿಷ ಬಿದ್ದುಹೋಗುತ್ತಿತ್ತು, ಮತ್ತೆ ತಾನೇ ಏಳುತ್ತಿತ್ತು. ಸರ್ವರಿನವರೊಡನೆ ಜಗಳ ಮಾಡಿದೆ. ತಮ್ಮದೇನೂ ತಪ್ಪಿಲ್ಲ ಎಂದರು. ನಾನೇ ಕೂತು ಹುಡುಕಿದೆ. ಯಾರೋ ರಜೆಯ ಗುಂಡಿ ಒತ್ತಿ ಮುಚ್ಚುತ್ತಿದ್ದಾರೆ, ಯಾರೋ ಒತ್ತಿ ತೆರೆಯುತ್ತಿದ್ದಾರೆ. ಚಿಕ್ಕಮ್ಮನಿಗೆ ಕೈ ತಪ್ಪುತ್ತಿರಬೇಕು, ಹೋಗಿ ತೋರಿಸಿಕೊಡೋಣ ಎಂದು ಬಸ್ಸು ಹತ್ತಿದೆ.

ಅವಳು ಚಾವಡಿಯಲ್ಲಿ ಖಾಲಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಫೋನ್. “ಚಿಕ್ಕಿ, ಎಂತ ಮಾಡ್ತಿದ್ದೆ?” ಎಂದೆ. ಸುಮ್ಮನಿರು ಎಂದು ಕೈ ಎತ್ತಿದಳು. ನಾನೂ ಕೂತೆ. ಸ್ವಲ್ಪ ಹೊತ್ತಿಗೆ ಅವಳ ಫೋನೂ ನನ್ನ ಫೋನೂ ಒಟ್ಟಿಗೆ ಸದ್ದು ಮಾಡಿದವು. ಓಗೊಡುತ್ತಿಲ್ಲ ಎಂದು ಬಂದಿತ್ತು. ಅವಳು ಗುಂಡಿ ಒತ್ತಿ ಅಂಗಡಿ ತೆರೆದಳು. ಆಮೇಲೆ ಮಂಚದ ಕಡೆ ತಿರುಗಿ, ಮೊದಲು ಅಂಗಳದಿಂದ ಕರೆಯುತ್ತಿದ್ದಷ್ಟು ಜೋರಾಗಿ ಅಲ್ಲ, ಮೆಲ್ಲಗೆ, “ಹ್ವಾಯ್” ಎಂದಳು.

ಕಾದೆವು. ಫೋನ್ ಸದ್ದಾಯಿತು.

ನಮ್ಮನಿಯವ್ರ್ ಓಗೊಟ್ಟರು.

“ಚಟ್ಲಿ ಒಣಗಿತ್ತ್, ತಕಂಬತ್ತೆ” ಎಂದು ಎದ್ದು ಅಂಗಳಕ್ಕೆ ಹೋದಳು. ಹೇಳಿದ್ದು ನನಗೋ ಅವರಿಗೋ ತಿಳಿಯಲಿಲ್ಲ. ತೋರಿಸಿಕೊಡಲು ಹೋದವನು ಏನೂ ತೋರಿಸದೆ ಬಂದೆ. ಈಗಲೂ ದಿನಾ ಮಧ್ಯಾಹ್ನ ಕುಂದಾಪುರದ ನನ್ನ ಕೋಣೆಯಲ್ಲಿ ಆ ಎರಡು ಮೆಸೇಜು ಬರುತ್ತವೆ. ಬೈಂದೂರಿನ ನಾದಿನಿಗೂ ಬರುತ್ತವೆ, ಬ್ರಹ್ಮಾವರದ ಮಾವನಿಗೂ ಬರುತ್ತವೆ. ನನ್ನ ನಂಬರು ತೆಗೆದುಹಾಕು ಎಂದು ಇದುವರೆಗೆ ಯಾರೂ ಹೇಳಿಲ್ಲ.