ಇ-ವೀಸಾಕ್ಕೊಂದು ಪ್ರಸ್ಥಾನ

ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕ ದೊಡ್ಡಬಸಪ್ಪನವರ ಪಾಸ್‌ಪೋರ್ಟಿಗೆ ಒಂಬತ್ತು ವರ್ಷ ತುಂಬಿತ್ತು. ಒಳಗೆ ಒಂದೇ ಒಂದು ಸೀಲು ಬಿದ್ದಿರಲಿಲ್ಲ. ಗ್ಯಾಸ್ ಏಜೆನ್ಸಿಯವರು ಗುರುತಿನ ಚೀಟಿ ಕೇಳಿದರೂ ಅವರು ಆಧಾರ್ ಬಿಟ್ಟು ಪಾಸ್‌ಪೋರ್ಟನ್ನೇ ಮೇಜಿನ ಮೇಲಿಡುತ್ತಿದ್ದರು. ಯಾರಾದರೂ ಹಾಳೆ ತಿರುವಲು ಹೋದರೆ ಮಾತ್ರ ಥಟ್ಟನೆ ಕಿತ್ತುಕೊಂಡು ಜೇಬಿಗಿಳಿಸುತ್ತಿದ್ದರು. ಹೊಸ ಪಂಚೆಯಷ್ಟು ಬೆಳ್ಳಗಿದ್ದ ಆ ಪುಟಗಳನ್ನು ಊರಿಗೆ ತೋರಿಸುವುದು ಹೇಗೆ? ಇನ್ನೊಂದು ವರ್ಷ ಕಳೆದರೆ ಪಾಸ್‌ಪೋರ್ಟಿನ ಆಯುಷ್ಯವೂ ಮುಗಿಯುತ್ತಿತ್ತು. ಅಷ್ಟರೊಳಗೆ ಒಂದು ವಿದೇಶಿ ಸೀಲು ಬೀಳಬೇಕು. ಅವರಿಗೆ ಉಳಿದಿದ್ದ ಆಸೆ ಅದೊಂದೇ.

ಅಂಥ ಹೊತ್ತಿನಲ್ಲಿ ಗಿರಣಿ ಮಾಲೀಕರ ಸಂಘದವರು ‘ವಿಯೆಟ್ನಾಂ ಅಕ್ಕಿ ಗಿರಣಿಗಳ ಅಧ್ಯಯನ ಪ್ರವಾಸ, ದಂಪತಿ ಸಮೇತ’ ಎಂದು ಆರು ದಿನದ ಕಾರ್ಯಕ್ರಮ ಹಾಕಿದರು. (ದಂಪತಿ ಸಮೇತ ಯಾವ ಗಿರಣಿಯನ್ನು ಹೇಗೆ ಅಧ್ಯಯನ ಮಾಡುತ್ತಾರೆ ಎಂದು ಯಾರೂ ಕೇಳಲಿಲ್ಲ.) ಹದಿನೆಂಟನೇ ತಾರೀಕು ಬೆಂಗಳೂರಿನಿಂದ ವಿಮಾನ. ಇ-ವೀಸಾ ಮಾತ್ರ ಅವರವರೇ ಮಾಡಿಕೊಳ್ಳಬೇಕು.

ಅಂದಿನಿಂದ ದೊಡ್ಡಬಸಪ್ಪನವರು ಮನೆಯಲ್ಲಿ ಗಂಡನಾಗಿ ಉಳಿಯಲಿಲ್ಲ. ಸಾಕ್ಷಾತ್ ವಲಸೆ ಇಲಾಖೆಯಾದರು. ಮೊಬೈಲಿನಲ್ಲಿ ಹನ್ನೊಂದು ವಿಡಿಯೊ ನೋಡಿ ಮುಗಿಸಿ, ಮನೆಗೆ ಹೊಂದಿಕೊಂಡಿದ್ದ ಗಿರಣಿಯ ಆಫೀಸಿನ ಕಿಟಕಿಯನ್ನೇ ಕೌಂಟರ್ ಮಾಡಿಕೊಂಡು, ಹೆಂಡತಿ ಅಕ್ಕನಾಗಮ್ಮನವರನ್ನು ಹೊರಗೆ ಬಿಸಿಲಲ್ಲಿ ನಿಲ್ಲಿಸಿ ತರಬೇತಿ ಶುರು ಮಾಡಿದರು.

“ಈಗಿನ ಬಾರ್ಡರ್‌ನಾಗ ಎಲ್ಲಾ ಮಷಿನ್ನು. ಅದಕ್ಕ ಕಣ್ಣು ಐತಿ, ಕರುಳಿಲ್ಲ.”

“ಹಂಗಾರ ನಂಗೇನೂ ಹೊಸದಲ್ಲ ಬಿಡ್ರಿ. ಮೂವತ್ತು ವರ್ಷ ಅಂಥದರ ಕೂಡ ಸಂಸಾರ ಮಾಡೀನಿ.”

“ಹೆಚ್ಚಿಗಿ ಮಾತು ಬ್ಯಾಡ. ಕೇಳಿದ್ದಕ್ಕಷ್ಟ ಉತ್ತರ. ಯಾಕ ಬಂದೀರಿ?”

“ನೀವ ಕರ್ಕೊಂಡ್ ಬಂದ್ರಿ ಅಂತ.”

“ಹಂಗಂದ್ರ ಒಳಗ ಹಾಕ್ತಾರ! ಪ್ರವಾಸಕ್ಕ ಅನ್ನು. ಎಷ್ಟು ದಿನ ಇರ್ತೀರಿ?”

“ಒಲಿ ಮ್ಯಾಲ ಬ್ಯಾಳಿ ಇಟ್ಟೀನ್ರಿ. ಇನ್ನ ಎರಡು ನಿಮಿಷ ಇರ್ತೀನಿ.”

ದೊಡ್ಡಬಸಪ್ಪನವರು ಹಣೆ ಚಚ್ಚಿಕೊಂಡರು. ಆ ಹಣೆಯದೇ ಇನ್ನೊಂದು ಕತೆ. ವೀಸಾ ಫೋಟೊಕ್ಕೆ ಹೋದಾಗ ಸ್ಟುಡಿಯೊ ಬಸವರಾಜ್, “ಸಾವ್ಕಾರ್ರ, ಕನ್ನಡಕ ತೆಗೀರಿ, ವಿಭೂತಿ ಒರಸ್ರಿ” ಎಂದಿದ್ದ. ನಲವತ್ತು ವರ್ಷದಿಂದ ಮೂರು ಪಟ್ಟೆ ಹೊತ್ತಿದ್ದ ಹಣೆ ಬೋಳಾಗಿ ಮನೆಗೆ ಬಂದಾಗ ಅಕ್ಕನಾಗಮ್ಮನವರು ಸೆರಗು ಹೊದ್ದುಕೊಂಡು, “ಸಾವ್ಕಾರ್ರು ಮನ್ಯಾಗಿಲ್ರಿ” ಎಂದುಬಿಟ್ಟಿದ್ದರು. ಈಗ ಫೋಟೊದ ಮುಖಕ್ಕೂ ಬದುಕಿರುವ ಮುಖಕ್ಕೂ ಹೊಂದಾಣಿಕೆಯಾಗದೆ ಮಷಿನ್ನು ಬಾಗಿಲು ತೆರೆಯದಿದ್ದರೆ? ಅಂದಿನಿಂದ ಪೂಜೆಯಲ್ಲಿ ವಿಭೂತಿ ತೋಳಿಗೆ, ಎದೆಗೆ, ಹೊಟ್ಟೆಗೆ. ಹಣೆಗೆ ಮಾತ್ರ ರಜೆ. ಹೆಂಡತಿಗೂ ಕಟ್ಟಪ್ಪಣೆಯಾಯಿತು: ಕುಂಕುಮ ಸಣ್ಣದಿರಲಿ, ಮೂಗುಬೊಟ್ಟು ಬದಲಿಸಕೂಡದು, ನಗಕೂಡದು.

“ನಿಮ್ಮ ಮನಿಗೆ ಬಂದಾಗಿಂದ ಆ ಕೊನೇದು ಪಾಲಿಸಿಕೊಂಡ ಬಂದೀನಿ” ಎಂದರು ಅಕ್ಕನಾಗಮ್ಮ.

“ಇನ್ನೊಂದು ಹೇಳ್ತೀನಿ, ಛಲೋ ನೆನಪಿಡು. ಮಷಿನ್ನಿಗೆ ಗಂಡ ಹೆಂಡ್ತಿ ಅನ್ನೂದು ಗೊತ್ತಿಲ್ಲ. ನಿನ್ನ ತಡದ್ರು ಅಂದ್ರ ನಾ ನಿಲ್ಲಂಗಿಲ್ಲ. ತಿರುಗಿ ಸುದಾ ನೋಡಂಗಿಲ್ಲ. ಸೀದಾ ಮುಂದ ಹೋಗ್ತೀನಿ. ರೂಲ್ಸ್ ಅಂದ್ರ ರೂಲ್ಸ್.”

ಅಕ್ಕನಾಗಮ್ಮನವರು ಅಡುಗೆಮನೆಗೆ ಹೋದರು. ಬೇಳೆ ಸೀದಿತ್ತು.

ಅರ್ಜಿ ತುಂಬುವ ಘಟ್ಟ ಬಂತು. ದೊಡ್ಡಬಸಪ್ಪನವರು ತಮ್ಮ ಅರ್ಜಿಗೆ ನಾಲ್ಕು ದಿನ ತೆಗೆದುಕೊಂಡರು. ಅದನ್ನು ನೋಡಿ ಅಕ್ಕನಾಗಮ್ಮನವರು ತಮ್ಮದನ್ನು ಎಮ್ಮಿಗನೂರಿನ ತವರಿಗೆ ಒಯ್ದು, ತಮ್ಮನಾದ ಗವಿಸಿದ್ದಪ್ಪನ ಮಗಳು ಭವ್ಯಳ ಜೊತೆ ಕೂತು, ಅವರೆಕಾಯಿ ಸುಲಿಯುತ್ತಾ ಅರ್ಧ ಗಂಟೆಯಲ್ಲಿ ಮುಗಿಸಿ ಬಂದರು. ಹದಿನೈದರಿಂದ ತಿಂಗಳ ಕೊನೆಯವರೆಗೆ ವೀಸಾ ಕೇಳಿದ್ದರು.

ದೊಡ್ಡಬಸಪ್ಪನವರು ನಕ್ಕಿದ್ದೇ ನಕ್ಕಿದ್ದು. “ಆರು ದಿನದ ಪ್ರವಾಸಕ್ಕ ಹದಿನಾರು ದಿನದ ವೀಸಾ? ಅಲ್ಲೇ ಮನಿ ಮಾಡ್ತಿಯೇನು?”

“ನಾಕು ಮಂದಿಗೆ ಅನ್ನ ಇಟ್ರೂ ಒಂದು ಹಿಡಿ ಅಕ್ಕಿ ಹೆಚ್ಚಿಗಿ ಹಾಕ್ತೀನ್ರಿ. ಯಾರ ಬರ್ತಾರೋ, ಏನ ಆಕ್ಕೈತೋ.”

“ಇದು ಅಡಗಿ ಅಲ್ಲ, ಅಂತಾರಾಷ್ಟ್ರೀಯ ವ್ಯವಹಾರ. ಲೆಕ್ಕ ಅಂದ್ರ ಲೆಕ್ಕ. ನಾನು ಕರೆಕ್ಟ್ ಆರು ದಿನ ಕೇಳೀನಿ ನೋಡು.”

ಆ ಕರೆಕ್ಟ್ ಆರು ದಿನದ ಹಿಂದೆ ಒಂದು ಪಂಚಾಂಗವಿತ್ತು. ಪ್ರತಿ ಬಸವ ಜಯಂತಿಗೆ ಮೈಕು ಹಿಡಿದು ‘ವಾರ, ತಿಥಿ, ಮುಹೂರ್ತ ಎಲ್ಲಾ ಮೌಢ್ಯ’ ಎಂದು ಗುಡುಗುವ ದೊಡ್ಡಬಸಪ್ಪನವರು, ಮೈಕು ಇಟ್ಟ ಕೂಡಲೇ ಚನ್ನಯ್ಯ ಸ್ವಾಮಿಗಳನ್ನು ಮೂಲೆಗೆ ಕರೆದು ವಾರ ಕೇಳುವವರು. ಹದಿನೆಂಟು ಮಂಗಳವಾರ. ಮೊದಲ ವಿಮಾನ, ಅದೂ ಮಂಗಳವಾರ! ಚನ್ನಯ್ಯನವರು ಬೆರಳು ಮಡಚಿ ಪರಿಹಾರ ಕೊಟ್ಟರು: “ಹನ್ನೆರಡು, ಬುಧವಾರ ಭಾಳ ಛಲೋ ಐತಿ. ಅವತ್ತ ಪ್ರಸ್ಥಾನ ಇಡ್ರಿ. ಚೀಲ ಹೊಂಟ್ರ ನೀವು ಹೊಂಟಂಗ. ಒಮ್ಮಿ ಹೊಂಟ ಚೀಲ ಪ್ರಯಾಣ ಮುಗಿಯೂ ತನಕ ತಿರುಗಿ ಮನಿಗೆ ಬರಬಾರದು, ನೋಡ್ರಿ ಮತ್ತ.”

ಹೀಗಾಗಿ ಬುಧವಾರ ಒಳ್ಳೆಯ ಗಳಿಗೆಯಲ್ಲಿ ಕಂದು ಬಣ್ಣದ ಒಂದು ಚೀಲ ವಿದೇಶ ಪ್ರಯಾಣಕ್ಕೆ ಹೊರಟು, ಕಾರಿನಲ್ಲಿ ಎಮ್ಮಿಗನೂರು ತಲುಪಿ, ಗವಿಸಿದ್ದಪ್ಪನ ಪಡಸಾಲೆಯ ಮೂಲೆಯಲ್ಲಿ ರಂಗೋಲಿ ಹಾಕಿದ ಮಣೆಯ ಮೇಲೆ ಆಸೀನವಾಯಿತು. ದೊಡ್ಡಬಸಪ್ಪನವರು ಭಾವಮೈದುನನಿಗೆ ಎಚ್ಚರಿಕೆ ಕೊಟ್ಟರು: “ಗವಿಸಿದ್ದ, ನಾವು ಬರೂ ತನಕ ಇದು ಮಣಿ ಬಿಟ್ಟು ಏಳಬಾರದು. ವೀಸಾ ಗೀಸಾ ನಿಂಗ ತಿಳಿಯಂಗಿಲ್ಲ, ಇದೊಂದರ ನೆಟ್ಟಗ ನೋಡ್ಕೋ.”

“ಆತ್ರಿ ಮಾವಾರ” ಎಂದ ಗವಿಸಿದ್ದಪ್ಪ. ಭತ್ತ ಬೆಳೆಯುವ ಮನುಷ್ಯ. ಮಾತು ಕಡಿಮೆ, ನೆನಪು ಜಾಸ್ತಿ.

ಹದಿನೆಂಟರ ಬೆಳಿಗ್ಗೆ ವಿಮಾನ ನಿಲ್ದಾಣ. ಹಿಂದಿನ ದಿನ ಎಮ್ಮಿಗನೂರಿನಲ್ಲಿ ಚೀಲ ಎತ್ತಿಕೊಂಡು, ಬಳ್ಳಾರಿ ಮೇಲೆ ಬಂದಿದ್ದರು. ದೊಡ್ಡಬಸಪ್ಪನವರ ಕೈಯಲ್ಲಿ ವೀಸಾದ ಐದು ಪ್ರತಿ, ಎಲ್ಲಕ್ಕೂ ಲ್ಯಾಮಿನೇಶನ್. ಬೋಳು ಹಣೆ, ಬಿಗಿದ ತುಟಿ: ಥೇಟ್ ಫೋಟೊ. ಕೌಂಟರಿನ ಹುಡುಗಿ ಹಾಳೆ ನೋಡಿದಳು, ಕ್ಯಾಲೆಂಡರ್ ನೋಡಿದಳು, ಮತ್ತೆ ಹಾಳೆ ನೋಡಿದಳು.

“ಸಾರ್, ನಿಮ್ಮ ವೀಸಾ ಹನ್ನೆರಡರಿಂದ ಹದಿನೇಳರವರೆಗೆ ಇದೆ. ನಿನ್ನೆಗೇ ಮುಗಿದುಹೋಗಿದೆ.”

“ಹೆಂಗ ಮುಗೀತೈತ್ರಿ? ಆರು ದಿನ ಕರೆಕ್ಟ್ ಐತಿ! ನಾವು ಬುಧವಾರನ ಹೊಂಟೀವಿ!”

“ಬುಧವಾರ ಹೊರಟಿದ್ರೆ ಇಷ್ಟು ದಿನ ಎಲ್ಲಿದ್ರಿ ಸಾರ್?”

“ಎಮ್ಮಿಗನೂರಾಗ… ಅಂದ್ರ, ನಾನಲ್ಲ. ಚೀಲ ಇತ್ತು.”

ಹುಡುಗಿ ಬಗ್ಗಿ ಚೀಲವನ್ನು ನೋಡಿದಳು. “ಇದೂ ನಿನ್ನೆಯೊಳಗೇ ಹೋಗಬೇಕಿತ್ತು ಸಾರ್. ಮೇಡಂ ವೀಸಾ ಸರಿಯಿದೆ. ಅವರು ಹೋಗಬಹುದು.”

ಹಿಂದೆ ನಿಂತಿದ್ದ ಗಿರಣಿ ಮಾಲೀಕರು ದಂಪತಿ ಸಮೇತ ಕೆಮ್ಮಿದರು. ದೊಡ್ಡಬಸಪ್ಪನವರು ಪಾಸ್‌ಪೋರ್ಟನ್ನು ಮಡಚಿ ಜೇಬಿಗಿಟ್ಟರು. ಅದರ ಭಾರ ಎಂದಿಗಿಂತ ಹೆಚ್ಚಾಗಿತ್ತು.

“ನಡಿ, ಹೋಗೂಣು” ಎಂದರು ಹೆಂಡತಿಗೆ, ಬಾಗಿಲ ಕಡೆ ತಿರುಗಿ.

“ಹೂಂ, ನಡೀರಿ” ಎಂದರು ಅಕ್ಕನಾಗಮ್ಮ, ವಿಮಾನದ ಕಡೆ ತಿರುಗಿ. ಆಮೇಲೆ ನಿಂತು ನಿಧಾನವಾಗಿ ವಿವರಿಸಿದರು: “ಮಷಿನ್ನಿಗೆ ಗಂಡ ಹೆಂಡ್ತಿ ಗೊತ್ತಿಲ್ಲ ಅಂತ ನೀವ ಹೇಳಿದ್ರಿ. ನಿಲ್ಲಬಾರದು, ತಿರುಗಿ ನೋಡಬಾರದು. ನಾನು ಆ ಬಿಸಿಲಾಗ ನಿಂತು ಕಲತದ್ದು ಸುಳ್ಳಾಗಬೇಕೇನ್ರಿ?”

“ಲೇ, ನಾನಿಲ್ದ ಒಬ್ಬಾಕೀನ…”

“ಒಬ್ಬಾಕಿ ಯಾಕ? ಚೀಲ ಐತೆಲ್ಲ. ಅದು ತಿರುಗಿ ಮನಿಗೆ ಬರಬಾರದು ಅಂತ ಸ್ವಾಮಿಗಳು ಹೇಳ್ಯಾರ” ಎಂದವರೇ ಗಂಡನ ಕೈಯಿಂದ ಪ್ರಸ್ಥಾನದ ಚೀಲ ತೆಗೆದುಕೊಂಡು ತಕ್ಕಡಿಯ ಮೇಲಿಟ್ಟರು. ಶೇಂಗಾ ಚಟ್ನಿ, ಕಡಕ್ ರೊಟ್ಟಿ ಸಮೇತ ದೊಡ್ಡಬಸಪ್ಪನವರ ನಾಲ್ಕು ಹೊಸ ಅಂಗಿಗಳು ಕಪ್ಪು ಪರದೆಯಾಚೆ ಸರಿದುಹೋದವು. ಅಕ್ಕನಾಗಮ್ಮನವರು ತಿರುಗಿ ನೋಡಲಿಲ್ಲ.

ಬಸ್ಸು ಬಳ್ಳಾರಿ ದಾಟಿದ ಮೇಲೆ ದೊಡ್ಡಬಸಪ್ಪನವರಿಗೆ ಇನ್ನೊಂದು ಸಂಗತಿ ಹೊಳೆಯಿತು: ಕಂಪ್ಲಿಯ ಮನೆಯ ಬೀಗದ ಕೈಯೂ ಅದೇ ಚೀಲದಲ್ಲಿತ್ತು. ಗಿರಣಿಗೆ ಹೋಗೋಣವೆಂದರೆ, ಹಮಾಲರು ನಿನ್ನೆಯಷ್ಟೇ ಹಾರ ಹಾಕಿ ಬೀಳ್ಕೊಟ್ಟಿದ್ದರು. ಆ ಹಾರ ಇನ್ನೂ ಗೇಟಿಗೆ ನೇತಾಡುತ್ತಿತ್ತು. ಗತ್ಯಂತರವಿಲ್ಲದೆ ಎಮ್ಮಿಗನೂರಿನಲ್ಲಿ ಇಳಿದರು.

ಗವಿಸಿದ್ದಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. ಸುದ್ದಿ ವಾಟ್ಸಾಪಿನಲ್ಲಿ ಬಸ್ಸಿಗಿಂತ ಮೊದಲೇ ಬಂದು ಚಹಾ ಕುಡಿದು ಕೂತಿತ್ತು.

“ಯಾಕ ಬಂದೀರಿ ಮಾವಾರ?”

“ಸುಮ್ನ ಬಂದ್ನೆಪ.”

“ಸುಮ್ನ ಅಂದ್ರ ಒಳಗ ಬಿಡಂಗಿಲ್ಲಂತ. ಪ್ರವಾಸಕ್ಕ ಅನ್ರಿ. ಎಷ್ಟು ದಿನ ಇರ್ತೀರಿ?”

“ಆರು ದಿನ” ಎಂದರು ದೊಡ್ಡಬಸಪ್ಪನವರು, ನೆಲ ನೋಡುತ್ತಾ.

“ಮಾಮಾ, ತಲಿ ಎತ್ತರಿ, ಮುಖ ನೋಡ್ತೀನಿ” ಎಂದು ಒಳಗಿನಿಂದ ಬಂದ ಭವ್ಯ ಮೊಬೈಲು ಹಿಡಿದಳು. “ಹಣಿ ಖಾಲಿ ಐತ್ರಿ. ನಮ್ಮ ಮಾಮಾನ ಮುಖಕ್ಕ ಹೊಂದವಲ್ದು.”

ಗೂಡಿನಲ್ಲಿದ್ದ ವಿಭೂತಿ ಗಟ್ಟಿ ತೆಗೆದು ಮೂರು ಪಟ್ಟೆ ಎಳೆದುಕೊಂಡ ಮೇಲೆಯೇ ಅವರಿಗೆ ಪ್ರವೇಶ ಸಿಕ್ಕಿತು.

ಮರುದಿನ ಮಧ್ಯಾಹ್ನ ಅಕ್ಕನಾಗಮ್ಮನವರ ವಿಡಿಯೊ ಕರೆ ಬಂತು. ಕಾಸಿನಗಲ ಕುಂಕುಮ, ಹೊಸ ಮೂಗುಬೊಟ್ಟು, ಮುಖದ ತುಂಬ ನಗು.

“ಬಾರ್ಡರ್‌ನಾಗ ಏನೇನ ಕೇಳಿದ್ರು?” ಎಂದರು ದೊಡ್ಡಬಸಪ್ಪನವರು, ಏನಾದರೂ ಕೇಳಿರಲಿ ಎಂಬ ಆಸೆಯಿಂದ.

“ಏನೂ ಕೇಳಲಿಲ್ರಿ. ಮಷಿನ್ನಿನ ಹಿಂದ ಒಬ್ಬ ಮನಷ್ಯಾ ಇದ್ದ ಪಾಪ. ನಾ ನಕ್ಕೆ, ಅವನೂ ನಕ್ಕ, ಸೀಲು ಹೊಡದ.” ಪಾಸ್‌ಪೋರ್ಟಿನ ಪುಟ ಪರದೆಯ ತುಂಬ ಬಂತು. ಸೀಲು ಚೆನ್ನಾಗಿ, ಗುಂಡುಗುಂಡಾಗಿ ಬಿದ್ದಿತ್ತು. ಆಮೇಲೆ ಹೋಟೆಲಿನ ಕೋಣೆ ಕಂಡಿತು. ಬಿಳಿ ಹಾಸಿನ ಎರಡು ಮಂಚ. ಒಂದರ ಮೇಲೆ ಕಂದು ಚೀಲ ದಿಂಬಿಗೊರಗಿ ಕೂತಿತ್ತು. “ನಿಮ್ಮ ಹಾಸಿಗೀ ಖಾಲಿ ಬಿಡಬಾರದಂತ ಇಟ್ಟೀನಿ.”

ಗವಿಸಿದ್ದಪ್ಪನ ಮೊಣಕಾಲುದ್ದದ ಲುಂಗಿ ಉಟ್ಟಿದ್ದ ದೊಡ್ಡಬಸಪ್ಪನವರು ಫೋನು ಕೆಳಗಿಟ್ಟು, ಸ್ವಲ್ಪ ಹೊಲದ ಕಡೆ ಹೋಗಿ ಬರೋಣವೆಂದು ಎದ್ದರು. ತಾವು ಕೂತಿದ್ದು ಪಡಸಾಲೆಯ ಮೂಲೆಯಲ್ಲಿ, ಅದೇ ಮಣೆಯ ಮೇಲೆ ಎಂಬುದು ಆಗ ಅವರ ಗಮನಕ್ಕೆ ಬಂತು. ಸುತ್ತಲಿನ ರಂಗೋಲಿ ಇನ್ನೂ ಅಳಿಸಿರಲಿಲ್ಲ.

“ಕುಂದರ್ರಿ ಮಾವಾರ” ಎಂದ ಗವಿಸಿದ್ದಪ್ಪ, ಭತ್ತದ ಬೀಜ ಹಸನು ಮಾಡುತ್ತಿದ್ದವನು ತಲೆ ಎತ್ತದೆ. “ಅಕ್ಕ ಬರೂ ತನಕ ಮಣಿ ಬಿಟ್ಟು ಏಳಬ್ಯಾಡ್ರಿ. ನಿಮ್ಮ ಚೀಲ ಆರು ದಿನ ಕುಂತಿತ್ತು, ಒಂದು ಮಾತು ಆಡಲಿಲ್ಲ ನೋಡ್ರಿ.”