ಟ್ರಾಮಿನ ದಾರಿಯಲ್ಲಿ ನನ್ನ ಖಾನಾವಳಿ

"ಅಕ್ಷರ ಬರದಾಕಿ ಉದಗೀರದಾಗ ಖಾನಾವಳಿ ನಡಸ್ತಾಳಂತ! ಆರು ತಿಂಗಳಿಗೆ ಓಡಿ ಬರ್ತಾಳ ನೋಡ್ರಿ" ಎಂದು ನನ್ನ ಭಾವ ನಮ್ಮೂರು ಔರಾದ ಶಹಾಜನಿಯಲ್ಲಿ ಎಲ್ಲರ ಮುಂದೆ ಅಂದಿದ್ದರು. ನಾನು ಓಡಲಿಲ್ಲ. ರೊಟ್ಟಿ ಕಟ್ಟಿಕೊಡಲು ತಂದ ರದ್ದಿ ಪೇಪರಿನಲ್ಲೇ ಕನ್ನಡ, ಮರಾಠಿ ಎರಡೂ ಓದಲು ಕಲಿತೆ. ಓದು ಬಂದಮೇಲೆ ಕಾಗದ ಹಿಡಿದು ಬರುವವರ ಮೇಲೆ ಗುಮಾನಿಯೂ ಬಂತು. ಅಂಥವರು ನಮ್ಮ ಸ್ಟೇಶನ್ ರಸ್ತೆಗೆ ಬರುತ್ತಲೇ ಇರುತ್ತಾರೆ. ಹೋದ ವರ್ಷ ಟ್ರಾಮಿನವರು ಬಂದರು.

ಹೊಗೆ ಇಲ್ಲದ ಗಾಡಿ

ಬೀದರ ಕಡೆಯ ಇಂಜಿನಿಯರ್ ಒಬ್ಬ ಮೂರು ಕಾಲಿನ ಯಂತ್ರ ನಿಲ್ಲಿಸಿ ನನ್ನ ಕಟ್ಟೆಯನ್ನೇ ನೋಡುತ್ತಿದ್ದ.

"ಏನ್ ನೋಡ್ಲಿಕತ್ತೀರಿ?"

"ಟ್ರಾಮ್ ಬರ್ತದ ಅಕ್ಕಾ. ಹಳಿ ಮ್ಯಾಲ ಕರೆಂಟಿನ ಗಾಡಿ. ಹೊಗಿ ಇಲ್ಲ, ಧೂಳ ಇಲ್ಲ."

"ಕರೆಂಟ್ ಹೋದ್ರ?"

"ಇದ್ದಲ್ಲೇ ನಿಲ್ತದ."

"ನನ್ನ ಬಾಗಲಾ ಅಡ್ಡಗಟ್ಟಿ ನಿಂತ್ರ ಬಾಡಿಗಿ ಯಾರು ಕೊಡ್ತಾರ?"

ಅವನು ಯಂತ್ರ ಎತ್ತಿಕೊಂಡು ಪಕ್ಕದ ಅಂಗಡಿಯ ಮುಂದೆ ಹೋಗಿ ನಿಂತ.

ಟೇಪಿನ ತುದಿ

ಮರುದಿನ ಮತ್ತೆ ಬಂದ. "ರಸ್ತಾ ಅಳೀಬೇಕು. ಈ ತುದಿ ಗೋಡಿಗಿ ಹಿಡೀರಿ ಅಕ್ಕಾ" ಎಂದು ಟೇಪು ಕೊಟ್ಟು ಆಚೆ ಬದಿಗೆ ಹೋದ. ರಸ್ತೆ ಸಣ್ಣದು ಅಂತಾದರೆ ಕಟ್ಟೆ ಒಡೆಯುತ್ತಾರೆ. ಕಟ್ಟೆಯ ಹಿಂದೆಯೇ ನನ್ನ ಒಲೆ. ಒಲೆ ಹೋದರೆ ಭಾವನ ಮಾತು ಗೆದ್ದಂತೆ. ನಡುವೆ ಒಂದು ಲಾರಿ ಅಡ್ಡ ಬಂತು. ನಾನು ತುದಿ ಹಿಡಿದು ಹಿಂದೆ ಹಿಂದೆ ಸರಿದು ಅಡುಗೆಮನೆ ಸೇರಿದೆ.

"ಅಕ್ಕಾ, ಗೋಡಿಗೇ ಹಿಡದೀರಲ್ಲ?" ಎಂದು ಕೂಗಿದ.

"ಹೌದ್ರೀ, ಗೋಡಿಗೇ!"

ಯಾವ ಗೋಡೆ ಎಂದು ಅವನು ಕೇಳಲಿಲ್ಲ.

ಗಾಡಿ ಎಷ್ಟು?

ಆಮೇಲೆ ಟ್ರಾಮಿನವರ ಕಡೆಯ ಒಬ್ಬಾಕೆ ಫಾರಂ ತಂದಳು: ಮನೆಯಲ್ಲಿ ಗಾಡಿ ಎಷ್ಟು, ದಿನಾ ಎಲ್ಲಿಗೆ ಹೋಗುತ್ತೀರಿ? ನಾನು ಎರಡು ಸಲ ಓದಿ ಓಣಿಗೆಲ್ಲ ಹೇಳಿದೆ: "ಗಾಡಿ ಅದ ಅಂದ್ರ ರೇಶನ್ ಕಾರ್ಡ್ ಹೋಗ್ತದ. ಇಲ್ಲ ಅನ್ರಿ. ಎಲ್ಲೂ ಹೋಗೂದಿಲ್ಲ ಅನ್ರಿ."

ಕಿರಾಣಿಯವರು ತಮ್ಮ ಬೈಕಿನ ಮೇಲೆ ಕೂತೇ ಹೇಳಿದರು: "ನಮ್ಮ ಬಲ್ಲಿ ಗಾಡಿ ಇಲ್ಲ."

"ಮತ್ತ ಇದು?"

"ಅಳಿಯಾಂದು."

"ಅಳಿಯಾ ಎಲ್ಲಿರ್ತಾರ?"

"ಇನ್ನಾ ಹುಡುಕ್ಲಿಕತ್ತೀವಿ."

ನಕ್ಷೆ

ನಾಲ್ಕು ತಿಂಗಳ ಮೇಲೆ ಅದೇ ಇಂಜಿನಿಯರ್ ಊಟಕ್ಕೆ ಬಂದ. ಮುಖ ಸಣ್ಣದಾಗಿತ್ತು.

"ಟ್ರಾಮ್ ಬ್ಯಾರೆ ಕಡೆ ಹೋಯ್ತು ಅಕ್ಕಾ. ನಿಮ್ಮ ಓಣ್ಯಾಗ ಒಂದೂ ಗಾಡಿ ಇಲ್ಲ, ಯಾರೂ ಎಲ್ಲೂ ಹೋಗೂದಿಲ್ಲ. ಹೊಗಿನೇ ಇಲ್ಲದಲ್ಲಿ ಹೊಗಿ ಕಡಿಮಿ ಮಾಡೂದು ಹ್ಯಾಂಗ ಅಂತ ಸಾಹೇಬ್ರು ಕೇಳ್ಯಾರ."

"ಛಲೋ ಆಯ್ತು. ನನ್ನ ಕಟ್ಟಿ ಉಳೀತು."

"ಕಟ್ಟಿ ಒಡೀತಾರಂತ ಯಾರು ಹೇಳಿದ್ರು?" ಅವನು ಹಳೆಯ ನಕ್ಷೆ ಬಿಚ್ಚಿ ಬೆರಳಿಟ್ಟ. ಅಲ್ಲಿ ಬರೆದ ಹೆಸರು ನಾನೇ ಓದಿದೆ. ಮೊದಲು ನನ್ನ ಖಾನಾವಳಿಯ ಬಾಗಿಲಿಗೇ ಸ್ಟಾಪು ಇಟ್ಟಿದ್ದರು.

ಅವನಿಗೆ ಇನ್ನೊಂದು ರೊಟ್ಟಿ ಬಡಿಸಿದೆ.

ಇವತ್ತು ಖಾನಾವಳಿ ನನ್ನದು, ಒಲೆ ನನ್ನದು, ಕಟ್ಟೆಯ ಒಂದೊಂದು ಕಲ್ಲೂ ನನ್ನದು. ಇಷ್ಟಕ್ಕೆ ನಾನು ತೆತ್ತದ್ದು ಒಂದು ಇಡೀ ಟ್ರಾಮು.