ಕಾರಿನ ಮೂಗಿಗೆ ಕೆಂಡ ಹಿಡಿದದ್ದು

ಮೇಷ್ಟ್ರಾದವನ ಬಾಯಿಂದ ಏನು ಮಾಡಿದರೂ ಹೊರಡದ ಮಾತು ಒಂದಿದೆ. ‘ನನಗೆ ಗೊತ್ತಿಲ್ಲ’ ಎನ್ನುವ ಮಾತು. ತಿಪಟೂರಿನ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಪಾಠ ಮಾಡಿದ ನಾನು ಆ ಮಾತನ್ನು ಒಂದು ಸಲವೂ ಆಡಿದವನಲ್ಲ. ಮಕ್ಕಳು ಗೊತ್ತಿಲ್ಲದ್ದನ್ನು ಕೇಳಿದರೆ “ಅದು ಮುಂದಿನ ವರ್ಷದ ಪಾಠದಲ್ಲಿ ಬರುತ್ತದೆ, ಕೂತ್ಕೋ” ಎನ್ನುತ್ತಿದ್ದೆ. ಮುಂದಿನ ವರ್ಷ ಅವರು ಮರೆತಿರುತ್ತಿದ್ದರು. ಮನೆಯಲ್ಲಿ ಮಾತ್ರ ಈ ಉಪಾಯ ನಡೆಯುತ್ತಿರಲಿಲ್ಲ. ನನ್ನ ಹೆಂಡತಿ ಸರೋಜ “ಗೊತ್ತಿಲ್ಲ ಅಂದ್ರೆ ನಾಲಿಗೆ ಉದುರೋಗ್ತದಾ ನಿಮಗೆ?” ಎಂದು ಮುಖಕ್ಕೇ ಕೇಳುತ್ತಿದ್ದಳು. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಈಗ ಆ ಸಿಟ್ಟು ಹೋಗಿ ನಾಚಿಕೆಯೊಂದೇ ಉಳಿದಿದೆ, ಅದನ್ನೇ ನಿಮ್ಮ ಮುಂದೆ ಹೇಳಿಕೊಳ್ಳಲು ಕೂತಿದ್ದೇನೆ.

ನಮ್ಮ ಕಡೆ ಆಗ ಇಂಗ್ಲಿಷಿನಲ್ಲಿ ಏನೇ ಬಂದರೂ ಮೊದಲು ಮೇಷ್ಟ್ರ ಮನೆಗೆ ಬರುತ್ತಿತ್ತು. ಗೊಬ್ಬರದ ಚೀಲದ ಮೇಲಿನ ಬರಹ, ಪಂಪ್‌ಸೆಟ್ಟಿನ ಜೊತೆ ಬಂದ ಚೀಟಿ, ಯಾರದೋ ಅಳಿಯ ಕಳಿಸಿದ ಟೆಲಿಗ್ರಾಂ, ಎಲ್ಲವೂ. ಒಮ್ಮೆ ಒಬ್ಬರು ಪ್ರೆಷರ್ ಕುಕ್ಕರಿನ ಪುಸ್ತಕ ತಂದಾಗ ಅರ್ಧ ಗಂಟೆ ಉಗಿಯ ಒತ್ತಡದ ಮೇಲೆ ಭಾಷಣ ಮಾಡಿದೆ. ಕೊನೆಗೆ ಅವರು “ಅದೆಲ್ಲ ಸರಿ ಸಾ, ಬೇಳೆಗೆ ಎಷ್ಟು ಸೀಟಿ?” ಎಂದರು. ನಾನು ಸರೋಜಳನ್ನು ಕೂಗಿದೆ. ಇಂಥ ನನ್ನ ಕೈಗೆ ಸಾಹುಕಾರ್ ಗುರುಶಾಂತಪ್ಪನವರು ತಮ್ಮ ಹೊಸ ಕಾರಿನ ಪುಸ್ತಕ ಕೊಟ್ಟರು.

ಎಂಬತ್ತರ ದಶಕದ ನಡುವಿನ ಮಾತು. ಗುರುಶಾಂತಪ್ಪನವರದು ಕೊಬ್ಬರಿ ಮಂಡಿ. ಬೆಂಗಳೂರಿನಲ್ಲಿದ್ದ ವಿದೇಶಿ ಇಂಜಿನಿಯರೊಬ್ಬ ದೇಶ ಬಿಟ್ಟು ಹೋಗುವಾಗ ಮಾರಿದ ಜಪಾನಿನ ಕಾರನ್ನು ಅವರು ಕೊಂಡು ತಂದಿದ್ದರು. ಊರೆಲ್ಲ ಅಂಬಾಸಡರ್ ಓಡಾಡುವ ಕಾಲದಲ್ಲಿ ಆ ಕಾರಿನೊಳಗೆ ಹವೆಯನ್ನು ತಾನೇ ನೋಡಿಕೊಳ್ಳುವ ಯಂತ್ರವಿತ್ತು. ಇಪ್ಪತ್ತೈದು ಅಂತ ಅಂಕಿ ಇಟ್ಟು ‘ಆಟೋ’ ಗುಂಡಿ ಒತ್ತಿದರೆ ಮುಗಿಯಿತು, ಬೇಸಿಗೆಯಲ್ಲಿ ತಣ್ಣಗೆ, ಚಳಿಯಲ್ಲಿ ಬೆಚ್ಚಗೆ ಗಾಳಿ ಬಿಡುತ್ತದೆ ಎಂದು ಪುಸ್ತಕ ಹೇಳುತ್ತಿತ್ತು. ಸಂಕ್ರಾಂತಿಯ ಆಸುಪಾಸಿನ ಒಂದು ಬೆಳಿಗ್ಗೆ ಸಾಹುಕಾರರು “ಬಟನ್ ಒತ್ತಿದ್ರೆ ಉಸಿರೇ ಇಲ್ಲ ಕಣ್ರೀ ಇದಕ್ಕೆ, ಕೆಟ್ಟೋಗದೆ” ಎಂದು ಹೇಳಿ ಕಳಿಸಿದರು. ನಾನು ಹೋಗಿ ಪುಸ್ತಕ ತಿರುವಿ, ಇಂಜಿನ್ ಕಾಯುವವರೆಗೆ ಅದು ಗಾಳಿ ಬಿಡುವುದಿಲ್ಲ, ಬಿಟ್ಟರೆ ತಣ್ಣನೆಯದೇ ಬರುತ್ತದಲ್ಲ, ಒಲೆ ಹತ್ತಿಸಿದ ತಕ್ಷಣ ಹಂಡೆಯ ನೀರು ಕಾಯುತ್ತದೆಯೇ, ಸ್ವಲ್ಪ ತಾಳಿ ಎಂದೆ. ಐದು ನಿಮಿಷಕ್ಕೆ ಬಿಸಿ ಗಾಳಿ ಬಂತು. ಸಾಹುಕಾರರು ನಾಲ್ಕು ಜನರೆದುರು ನನ್ನ ಬೆನ್ನು ತಟ್ಟಿದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ ನೋಡಿ, ಅಲ್ಲಿಂದಲೇ ಶುರುವಾದದ್ದು.

ಆ ಪುಸ್ತಕದಲ್ಲಿ ನನಗೆ ಅರ್ಥವಾಗದ ಒಂದು ಪುಟವಿತ್ತು. ಅದರಲ್ಲಿ ಕಾರಿನೊಳಗೆ ಮುಂದಿನ ಸೀಟಿನ ಎದುರಿಗಿರುವ ಡ್ಯಾಶ್‌ಬೋರ್ಡಿನ ಚಿತ್ರ, ಅದರ ಒಂದು ಮೂಲೆಯ ಸಣ್ಣ ಜಾಲರಿಗೆ ಬಾಣದ ಗುರುತು, ಪಕ್ಕದಲ್ಲಿ ನನ್ನ ಚಿಕ್ಕ ನಿಘಂಟಿನಲ್ಲಿ ಸಿಗದ ಎರಡು ಪದ. ಲೈಬ್ರರಿಗೆ ಹೋಗಿ ದೊಡ್ಡ ನಿಘಂಟು ನೋಡಬಹುದಿತ್ತು. ಬಿಸಿಲಿತ್ತು, ಹೋಗಲಿಲ್ಲ, ಪುಟ ಮಗುಚಿದೆ. ಆದರೆ ಆ ಜಾಲರಿಯ ಸಂಗತಿ ಪುಸ್ತಕ ಓದದ ಒಬ್ಬನಿಗೆ ಗೊತ್ತಿತ್ತು. ಹಂದನಕೆರೆ ಕಡೆಯ ರಂಗಸ್ವಾಮಿ, ಹನ್ನೊಂದು ವರ್ಷದಿಂದ ಸಾಹುಕಾರರ ಡ್ರೈವರು. ಕಾರು ಒರೆಸುವಾಗ ಅದಕ್ಕೆ ಬೆರಳು ಹಿಡಿದು “ಸಾ, ಇಲ್ನೋಡಿ, ಇದು ಒಳಕ್ಕೆ ಉಸಿರು ಎಳ್ಕತದೆ. ಮೂಗಿದ್ದಂಗೈತೆ ಕಾರಿಗೆ” ಎಂದಿದ್ದ. ನಾನು ಗಂಭೀರವಾಗಿ “ಅದು ಹೊಗೆಗಂಡಿ ಕಣಯ್ಯ. ಒಳಗಿನ ಹೊಗೆ ಎಳೆದು ಹೊರಗೆ ಹಾಕೋದಕ್ಕೆ” ಎಂದೆ. ಇದು ಎಲ್ಲಿಂದ ಬಂತು ಎಂದು ಕೇಳಬೇಡಿ. ಬಾಯಿಗೆ ಬಂತು.

ಮಾಘ ಹುಟ್ಟಿದ ಮೇಲೆ ಸಾಹುಕಾರರ ಮಗಳು ಶಾಂತಳನ್ನು, ಐದು ತಿಂಗಳ ಕೂಸಿನ ಸಮೇತ, ಚಿಕ್ಕನಾಯಕನಹಳ್ಳಿಯ ಗಂಡನ ಮನೆಗೆ ಬಿಟ್ಟು ಬರುವುದೆಂದಾಯಿತು. ಒಳ್ಳೆಯ ಘಳಿಗೆ ಬೆಳಗಿನ ಆರಕ್ಕೆ. ಚಳಿಯೆಂದರೆ ಚಳಿ, ತೋಟದ ಸಾಲು ಕಾಣದಷ್ಟು ಮಂಜು. ಬಾಣಂತಿ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು, ಶಾಲು ಹೊದ್ದು ಹಿಂದಿನ ಸೀಟಿನಲ್ಲಿ ಕೂತಳು. ಪಕ್ಕದಲ್ಲಿ ಸಾಹುಕಾರರ ತಾಯಿ ಗೌರಜ್ಜಿ, ತೊಡೆಯ ಮೇಲೆ ಕೂಸು. ಯಂತ್ರ ನೋಡಿಕೊಳ್ಳಲು ನಾನು ಮುಂದೆ, ರಂಗಸ್ವಾಮಿಯ ಪಕ್ಕ. ಹೊರಡುವ ಹೊತ್ತಿಗೆ ಅಜ್ಜಿ ಧೂಪದ ಬಟ್ಟಲಿನ ತುಂಬ ತೆಂಗಿನ ಚಿಪ್ಪಿನ ಕೆಂಡ ತರಿಸಿದರು. ಬಾಣಂತಿ ಕೋಣೆಯಲ್ಲಿ ಕೆಂಡ ಆರಬಾರದು, ಸಾಂಬ್ರಾಣಿ ಹೊಗೆ ತಪ್ಪಬಾರದು. ಕೋಣೆ ಚಕ್ರದ ಮೇಲೆ ಹೊರಟರೂ ಅದೇ ಕಟ್ಟುಪಾಡು. ಒಂದು ಡಬ್ಬಿಯಲ್ಲಿ ಒಣ ಚಿಪ್ಪಿನ ಚೂರುಗಳೂ ಬಂದವು. “ಹೊಗೆ ಮಗೀನ ಕಣ್ಣಿಗೆ ಬೀಳ್ತದಲ್ಲಪ್ಪ ಮೇಷ್ಟ್ರೇ, ಎಲ್ಲಿಡಾನ?” ಎಂದು ಅಜ್ಜಿ ಕೇಳಿದರು.

ನಾನು ಹೇಳಿದೆ. “ಇಲ್ಲಿ ಕೊಡಿ ಅಜ್ಜಿ. ಇಲ್ಲೊಂದು ಹೊಗೆಗಂಡಿ ಇದೆ, ಅದಕ್ಕೇ ಹಿಡೀತೀನಿ.”

ಬಟ್ಟಲನ್ನು ಆ ಜಾಲರಿಯ ಕೆಳಗೆ ಹಿಡಿದೆ. ಹೊಗೆಯ ಎಳೆ ನೆಟ್ಟಗೆ ಜಾಲರಿಯೊಳಗೆ ಹೋಯಿತು. ಅಜ್ಜಿ “ಅಬ್ಬಾ, ಓದಿದೋರು ಅಂದ್ರೆ ಓದಿದೋರೇ ಕಣೇ ಶಾಂತಾ” ಎಂದರು. ಊರು ದಾಟಿ ಇಂಜಿನ್ ಕಾದಿತು, ಯಂತ್ರ ಉಸಿರು ಬಿಟ್ಟಿತು. ತಣ್ಣನೆಯ ಗಾಳಿ! ಇನ್ನೇನು ಬಿಸಿಯಾಗುತ್ತದೆ ಎಂದು ಕಾದೆವು. ಇನ್ನೂ ತಣ್ಣಗಾಯಿತು. ಬುಸ್ಸೆಂದು ನಾಲ್ಕೂ ಕಿಂಡಿಯಿಂದ ನುಗ್ಗತೊಡಗಿತು. ಅಜ್ಜಿ “ಕೆಂಡ ಆರ್ತಾ ಅದೇನೋ, ಚಿಪ್ಪು ಹಾಕಿ” ಎಂದು ಡಬ್ಬಿ ಮುಂದೆ ಚಾಚಿದರು. ನಾನು ಚಿಪ್ಪು ಹಾಕಿ ಊದಿದೆ. ಕೆಂಡ ಕೆಂಪಾದಷ್ಟೂ ಕಾರು ಹಿಮವಾಯಿತು. ಮತ್ತೆ ಚಿಪ್ಪು ಹಾಕಿದೆ, ಮತ್ತೆ ಊದಿದೆ. ನನ್ನ ಮುಖ ಕೆಂಡಕ್ಕೆ ಬೆವರುತ್ತಿತ್ತು, ಕಾಲು ಚಳಿಗೆ ಮರಗಟ್ಟುತ್ತಿತ್ತು.

ರಂಗಸ್ವಾಮಿ ಮೆಲ್ಲಗೆ “ಸಾ, ಆ ಕೆಂಡ ಒಸಿ ಆ ಕಡೀಕೆ ತೆಗೀರಿ. ಕಾರಿಗೆ ಸೆಕೆ ಆಯ್ತಾ ಅದೆ” ಎಂದ.

“ಕೆಂಡದಿಂದ ಚಳಿ ಆಗುತ್ತೇನಯ್ಯ? ಯಾವ ಶಾಸ್ತ್ರದಲ್ಲಿದೆ? ರಸ್ತೆ ನೋಡಿ ಓಡಿಸು.”

“ಹೋಗ್ಲಿ, ಯಂತ್ರಾನಾದ್ರೂ ನಿಲ್ಲಿಸ್ಲಾ ಸಾ?”

“ಮುಟ್ಟಬೇಡ! ಆಟೋದಲ್ಲಿದೆ. ಮುಟ್ಟಿದರೆ ಅದರ ಲೆಕ್ಕ ತಪ್ಪುತ್ತೆ.”

ಕೂಸು ಸೀನಿತು. ಅಜ್ಜಿ ಒಂದು, ಎರಡು ಎಂದು ಎಣಿಸುತ್ತ ಬಂದರು. ಚಿಕ್ಕನಾಯಕನಹಳ್ಳಿ ಮುಟ್ಟುವ ಹೊತ್ತಿಗೆ ಹದಿನಾಲ್ಕು ಸೀನು, ಶಾಂತಳ ತುಟಿ ನೀಲಿ, ಅಜ್ಜಿಯ ಬಾಯಲ್ಲಿ ದೇವರ ಹೆಸರು. ಬೀಗರು ಕೂಸನ್ನು ಕಸಿದುಕೊಂಡು ಒಳಗೋಡಿದರು. ಅಜ್ಜಿ ಮಗುವಿನ ಜೊತೆ ಅಲ್ಲೇ ಉಳಿದರು. ಕೆಂಡದ ಬಟ್ಟಲೂ ಅವರ ಜೊತೆಯೇ ಉಳಿಯಿತು.

ತಿಂಡಿ ತಿಂದು ನಾನೂ ರಂಗಸ್ವಾಮಿಯೂ ಇಬ್ಬರೇ ವಾಪಸು ಹೊರಟೆವು. ಮಂಜು ಇನ್ನೂ ಕರಗಿರಲಿಲ್ಲ, ಅಂಕಿ ಅದೇ ಇಪ್ಪತ್ತೈದು. ಒಂದು ಮೈಲಿ ಹೋಗುವಷ್ಟರಲ್ಲಿ ಕಾಲಿಗೆ ಬೆಚ್ಚನೆಯ ಗಾಳಿ ತಾಗಿತು. ಆಗ ಹೊಳೆಯಿತು. ಅದು ಮೂಗೇ. ಕಾರು ಆ ಮೂಗಿನಿಂದ ಒಳಗಿನ ಗಾಳಿ ಎಳೆದು, ಚಳಿಯೋ ಸೆಕೆಯೋ ಎಂದು ನೋಡಿ, ಅದಕ್ಕೆ ತಕ್ಕ ಗಾಳಿ ಬಿಡುತ್ತದೆ. ನಾನು ಹಾದಿಯುದ್ದಕ್ಕೂ ಅದರ ಮೂಗಿಗೆ ಕೆಂಡ ಹಿಡಿದಿದ್ದೆ. ಪಾಪದ್ದು, ಒಳಗಿದ್ದವರೆಲ್ಲ ಬೇಯುತ್ತಿದ್ದಾರೆಂದು ನಂಬಿ ಕೈಲಾದಷ್ಟು ತಂಪು ಕೊಟ್ಟಿತ್ತು. ಪಕ್ಕಕ್ಕೆ ತಿರುಗಿದೆ. ರಂಗಸ್ವಾಮಿ ರಸ್ತೆ ನೋಡಿಯೇ ಓಡಿಸುತ್ತಿದ್ದ.

ನಾವು ತಲುಪುವ ಮೊದಲೇ ಫೋನು ತಲುಪಿತ್ತು, ಕೂಸಿಗೆ ಮೂಗು ಕಟ್ಟಿ ಉಸಿರಾಟ ಗೊರಗೊರ ಅನ್ನುತ್ತಿದೆಯಂತೆ. ಸಾಹುಕಾರರು ಮಂಡಿಯ ಬಾಗಿಲಲ್ಲೇ ನಿಂತಿದ್ದರು. “ಏನ್ರೀ ಆಯ್ತು ಮೇಷ್ಟ್ರೇ? ಕೆಟ್ಟಿತ್ತಾ, ಇಲ್ಲಾ ಇವನೇನಾದ್ರೂ ಕೈಯಾಡಿಸಿದ್ನಾ?” ಎಂದರು. ಎಲ್ಲ ಗೊತ್ತಿದ್ದ ಕ್ಷಣ ಅದು. ನನ್ನ ಮೇಷ್ಟ್ರಗಿರಿಯಲ್ಲೇ ಮೊದಲ ಸಲ ನನಗೆ ನಿಜವಾಗಿ ಉತ್ತರ ಗೊತ್ತಿತ್ತು. ನಾನು ಹೇಳಿದ್ದು ಇಷ್ಟು: “ಯಂತ್ರ ಸರಿಯಾಗೇ ಇದೆ. ಯಾರಾದ್ರೂ ಬಟನ್ ಮುಟ್ಟಿರಬಹುದು.”

ಕಾರಿನಲ್ಲಿದ್ದ ‘ಯಾರಾದರೂ’ ಯಾರು? ಬಾಣಂತಿಯಲ್ಲ, ಅಜ್ಜಿಯಲ್ಲ, ಮೇಷ್ಟ್ರಂತೂ ಅಲ್ಲವೇ ಅಲ್ಲ. ಸಾಹುಕಾರರು ರಂಗಸ್ವಾಮಿಯತ್ತ ತಿರುಗಿ, ನಾಳೆಯಿಂದ ಬರಬೇಡ ಎಂದರು. ಅವನು ಬೀಗದ ಕೈಯನ್ನು ಗದ್ದಿಗೆಯ ಮೇಲಿಟ್ಟು, ನನ್ನನ್ನು ಒಂದು ಸಲ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಕೂಸು ನಾಲ್ಕು ದಿನಕ್ಕೆ ಗೆಲುವಾಯಿತು. ರಂಗಸ್ವಾಮಿಯ ಕೆಲಸ ಮಾತ್ರ ವಾಪಸು ಬರಲಿಲ್ಲ.

ಅವನ ಮಗಳು ನನ್ನ ಒಂಬತ್ತನೇ ತರಗತಿಯಲ್ಲಿ ಮೊದಲ ಬೆಂಚಿನಲ್ಲಿದ್ದಳು. ಆ ವಾರ ಪಾಠ ಶಾಖದ ಮೇಲಿತ್ತು. ನಾನು ಗೋಡೆಯ ಕಡೆ ನೋಡಿಕೊಂಡೇ ಪಾಠ ಮಾಡಿದೆ. ಅವಳು ನಾನು ಹೇಳಿದ್ದೆಲ್ಲವನ್ನೂ ದುಂಡಗೆ ಬರೆದುಕೊಂಡಳು. ಒಂದು ಸಂಜೆ ರಂಗಸ್ವಾಮಿ ಯಾರದೋ ಎತ್ತಿನ ಗಾಡಿಯಲ್ಲಿ ತೆಂಗಿನ ಮಟ್ಟೆ ಹೊಡೆದುಕೊಂಡು ಎದುರಾದ. ನನ್ನನ್ನು ಕಂಡು ಗಾಡಿಯಿಂದಿಳಿದು ನಮಸ್ಕಾರ ಮಾಡಿದ. ಅವನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮನೆಗೆ ಬಂದು ಸರೋಜಳಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, “ಥೂ ನಿಮ್ಮ! ಹೋಗಿ ಹೇಳಿ ಬರೋಗಂಟ ಈ ಮನೇಲಿ ತಟ್ಟೆ ಹಾಕಲ್ಲ” ಎಂದಳು.

ಹೋದೆ. ಮಂಡಿಯಲ್ಲಿ ನಾಲ್ಕೈದು ಜನ ರೈತರಿದ್ದರು, ಚಿಕ್ಕನಾಯಕನಹಳ್ಳಿಯಿಂದ ಮರಳಿದ್ದ ಗೌರಜ್ಜಿಯೂ ಇದ್ದರು. ನಿಂತುಕೊಂಡೇ ಎಲ್ಲವನ್ನೂ ಒದರಿದೆ. ಓದದೆ ಬಿಟ್ಟ ಪುಟ, ಕಾರಿನ ಮೂಗು, ಅದಕ್ಕೆ ನಾನು ಹಿಡಿದ ಕೆಂಡ, ಕೆಂಡ ಹೆಚ್ಚಿದಷ್ಟೂ ಗಾಳಿ ತಣ್ಣಗಾದದ್ದು. ರಂಗಸ್ವಾಮಿ ಬೇಡವೆಂದ, ನಾನೇ ಕೇಳಲಿಲ್ಲ, ತಪ್ಪು ನನ್ನದು ಎಂದೆ.

ಗೌರಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಕೆಂಡದಿಂದ ಚಳಿ ಆಯ್ತದೇನಪ್ಪ? ಪಾಪ, ಸುಳ್ಳು ಹೇಳೋಕೂ ಬರಕಿಲ್ಲ ನಮ್ಮ ಮೇಷ್ಟ್ರಿಗೆ. ಆ ಡ್ರೈವರಪ್ಪನ ಹೊಟ್ಟೆ ಮೇಲೆ ಕಲ್ಲು ಬೀಳ್ತದಲ್ಲ ಅಂತ ತಮ್ಮ ಮೇಲೆ ಹಾಕ್ಕತಾವ್ರೆ.”

“ಇಲ್ಲ ಅಜ್ಜಿ, ನಿಜವಾಗಿಯೂ...”

“ಬುಡಿ ಮೇಷ್ಟ್ರೇ, ಗೊತ್ತಾಯ್ತು” ಎಂದು ಸಾಹುಕಾರರು ಎದ್ದು ನನ್ನ ಕೈ ಹಿಡಿದುಕೊಂಡರು. “ಎಂಥಾ ಗುಣಾ ರೀ ನಿಮ್ಮದು! ನಿಮ್ಮ ಮಾತಿಗೋಸ್ಕರ ಅವನನ್ನ ಮತ್ತೆ ತಗೋತೀನಿ. ಏ, ಯಾರಾದ್ರೂ ಹೋಗಿ ರಂಗಸ್ವಾಮೀನ ಕರ್ಕಂಬರ್ರೋ.”

ರಂಗಸ್ವಾಮಿ ಬಂದ. ಸಾಹುಕಾರರು ಬೀಗದ ಕೈ ಕೊಟ್ಟು, “ಇದು ಮೇಷ್ಟ್ರು ಕೊಡಿಸಿದ ಅನ್ನ ಕಣೋ. ನೀ ಮಾಡಿದ ತಪ್ಪನ್ನ ಮರೆತವ್ರೆ. ಮೊದಲು ಅವರಿಗೆ ಕೈ ಮುಗಿ” ಎಂದರು. ಅವನು ನನ್ನ ಮುಖವನ್ನೇ ನೆಟ್ಟಗೆ ನೋಡಿದ. ಅಲ್ಲಿದ್ದ ಅಷ್ಟು ಜನರಲ್ಲಿ ನಿಜ ಗೊತ್ತಿದ್ದವರು ನಾವಿಬ್ಬರೇ. ಆಮೇಲೆ ನಿಧಾನವಾಗಿ ಎರಡೂ ಕೈ ಜೋಡಿಸಿ, “ನಿಮ್ಮಿಂದ ಉಳಕಂಡೆ ಸಾ” ಎಂದ.

ರೈತರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇನ್ನೊಂದು ಸಲ ‘ಇಲ್ಲ, ತಪ್ಪು ನನ್ನದೇ’ ಎನ್ನಬಹುದಿತ್ತು. ನಾನು ಅವನ ಭುಜದ ಮೇಲೆ ಕೈಯಿಟ್ಟು, “ಇರಲಿ ಬಿಡಪ್ಪ” ಎಂದೆ.